ನೀರುಗಂಟಿಯ ವ್ಯಕ್ತಿತ್ವ

ಕನ್ನಡ ವಿಮರ್ಶೆಯಲ್ಲಿ ಯಾರೂ ಹೆಚ್ಚು ಪ್ರಶ್ನೆ ಮಾಡದೆ ಚಲಾವಣೆಗೆ ಬಿಟ್ಟಿರುವ ಮಾತುಗಳಲ್ಲಿ ‘ವ್ಯಕ್ತಿತ್ವ’ವೂ ಒಂದು. ಮನುಷ್ಯ ತನಗೆ ಒಲಿದ ಕೆಲಸವನ್ನು ಬದುಕಿಡೀ ಮಾಡುತ್ತ ಮಾಗುತ್ತಾನೆ, ಆ ಮಾಗಿದ ರೂಪವೇ ಅವನ ವ್ಯಕ್ತಿತ್ವ ಎಂಬ ನಂಬಿಕೆ ಇದರ ಹಿಂದಿದೆ. ನಮ್ಮ ಕೋಲಾರ ಸೀಮೆಯ ಇಬ್ಬರು ಹಿರಿಯರ ಬರವಣಿಗೆ ಈ ನಂಬಿಕೆಗೆ ಒಳ್ಳೆಯ ಉದಾಹರಣೆ. ಮಾಲೂರು ತಾಲ್ಲೂಕಿನ ಮಾಸ್ತಿಯವರ ‘ಸುಬ್ಬಣ್ಣ’ ಅಪ್ಪ ಬಯಸಿದ ವಿದ್ಯೆ ಬಿಟ್ಟು ಸಂಗೀತ ಹಿಡಿಯುತ್ತಾನೆ, ಮನೆ ಬಿಡುತ್ತಾನೆ, ನೋವುಂಡು ಕೊನೆಗೆ ಸಂಗೀತದಲ್ಲೇ ಹಣ್ಣಾಗುತ್ತಾನೆ. ಮುಳಬಾಗಿಲಿನ ಡಿವಿಜಿ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ದಿವಾನರು, ವೈದಿಕರು, ಕಲೋಪಾಸಕರು ಅಂತ ಜನರನ್ನು ಅವರವರ ಕೆಲಸದ ಹೆಸರಿನಡಿಯಲ್ಲೇ ಕೂರಿಸಿದರು. ಎರಡನ್ನೂ ನಾನು ಖುಷಿಯಿಂದ ಓದಿದವನು. ಅಪ್ಪನ ಕಸುಬನ್ನು ಬಿಟ್ಟು ಹೋಗಬಲ್ಲವನ ಕತೆಯಿಂದ ಮಾಡಿಕೊಂಡ ಅಳತೆಗೋಲನ್ನು ವಿಮರ್ಶೆ ಎಲ್ಲರಿಗೂ ಹಿಡಿಯಿತಲ್ಲ, ನನ್ನ ತಕರಾರು ಅಷ್ಟೇ.

ಇದೇ ತಾಲ್ಲೂಕುಗಳ ಕೆರೆ ಏರಿಯ ಮೇಲೆ ಇನ್ನೊಬ್ಬ ಮನುಷ್ಯನಿದ್ದ. ನೀರುಗಂಟಿ. ಆಯಗಾರರಲ್ಲಿ ಒಬ್ಬ, ಬಹುಪಾಲು ಊರುಗಳಲ್ಲಿ ನಮ್ಮ ಕೇರಿಯವನೇ. ಹೊಳೆಯಿಲ್ಲದ ಈ ಸೀಮೆಯ ಬೇಸಾಯ ಕೆರೆಗಳನ್ನು ನಂಬಿದ್ದು. ತೂಬು ಎತ್ತುವುದು, ಇಳಿಸುವುದು, ಬಿರಟೆ ಕಚ್ಚಿಕೊಂಡರೆ ನೀರಿನಲ್ಲಿ ಮುಳುಗಿ ಬಿಡಿಸುವುದು, ಮಳೆಗಾಲದ ರಾತ್ರಿ ಏರಿಯುದ್ದಕ್ಕೂ ನಡೆದು ಏಡಿ, ಇಲಿ ತೋಡಿದ ಬಿಲ ಹುಡುಕುವುದು, ಕಾಲುವೆ ಬಿಡಿಸುವುದು, ಗದ್ದೆಗದ್ದೆಗೂ ಸರದಿಯ ಮೇಲೆ ನೀರು ಹಾಯಿಸುವುದು ಎಲ್ಲ ಅವನ ಪಾಲಿನದು. ಕೆರೆ ಅರ್ಧ ತುಂಬಿದ ವರ್ಷ ಎಷ್ಟು ಗದ್ದೆಗೆ ನೀರು ಸಾಲುತ್ತದೆ ಅನ್ನುವ ಅಂದಾಜಿಗೆ ಊರಿನ ಯಜಮಾನರೂ ಅವನ ಬಾಯಿ ನೋಡಬೇಕಿತ್ತು. ಇಷ್ಟಕ್ಕೆ ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು, ಜೊತೆಗೆ ಚೂರು ಇನಾಮು ಭೂಮಿ.

ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮೆಲ್ವಿನ್ ಕೋನ್ ಮತ್ತು ಕಾರ್ಮಿ ಸ್ಕೂಲರ್ 1964ರಲ್ಲಿ 3,101 ಮಂದಿ ದುಡಿಯುವ ಗಂಡಸರನ್ನು ಮಾತಾಡಿಸಿದರು. ಹತ್ತು ವರ್ಷ ಬಿಟ್ಟು ಅವರಲ್ಲಿ ಕೆಲವರನ್ನು ಮತ್ತೆ ಕಂಡರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ ಕೆಲಸ ಮತ್ತು ವ್ಯಕ್ತಿತ್ವ ಅಂತ. ಅವರು ಕಂಡದ್ದು ಇಷ್ಟು: ಕೆಲಸ ಎಷ್ಟು ಜಟಿಲವಾದದ್ದು, ಅದನ್ನು ಮಾಡುವವನು ತಾನೇ ಎಷ್ಟು ನಿರ್ಧಾರ ತೆಗೆದುಕೊಳ್ಳುತ್ತಾನೆ, ಅವನ ತಲೆಯ ಮೇಲೆ ಕಾವಲು ಎಷ್ಟು ಬಿಗಿ ಎಂಬುದರ ಮೇಲೆ ವರ್ಷಗಳು ಕಳೆದಂತೆ ಅವನ ಬುದ್ಧಿಯ ಚುರುಕು, ತನ್ನ ಬಗೆಗಿನ ನಂಬಿಕೆ ಬದಲಾಗುತ್ತವೆ. ಹಾಗೆ ಬದಲಾದ ಮನುಷ್ಯ ಮುಂದೆ ತನ್ನ ಗುಣಕ್ಕೆ ಹೊಂದುವ ಕೆಲಸದ ಕಡೆ ಸರಿಯುತ್ತಾನೆ. ಅಂದ್ರೆ ಇದು ಎರಡು ಕಡೆಯಿಂದಲೂ ಓಡಾಡುವ ದಾರಿ.

ಈ ಅಳತೆ ಹಿಡಿದರೆ ನೀರುಗಂಟಿಯದು ಮೇಲ್ತರಗತಿಯ ಕೆಲಸ. ರಾತ್ರಿ ಏರಿಯ ಮೇಲೆ ಅವನನ್ನು ಕೇಳುವವರಿರಲಿಲ್ಲ. ಆದರೆ ದಾರಿಯ ಆಚೆ ತುದಿಗೆ ಜಾತಿ ಗೋಡೆ ಕಟ್ಟಿತ್ತು. ಕೆಲಸ ಅವನನ್ನು ತಿದ್ದುತ್ತಿತ್ತು, ಅವನು ಕೆಲಸವನ್ನು ಬದಲಿಸುವಂತಿರಲಿಲ್ಲ. ಅಂಬೇಡ್ಕರ್ 1936ರಲ್ಲಿ ಜಾತಿಯನ್ನು ಶ್ರಮದ ವಿಭಜನೆ ಮಾತ್ರವಲ್ಲ, ಶ್ರಮಿಕರ ವಿಭಜನೆ ಎಂದು ವಿವರಿಸಿದ್ದು ಈ ಗೋಡೆಯನ್ನೇ. ಅದಕ್ಕೂ ಮೊದಲು, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನದ ಪ್ರಶ್ನೆಯನ್ನು ಮಸೂದೆಯ ರೂಪದಲ್ಲಿ ತಂದವರೂ ಅವರೇ.

ನಮ್ಮ ತಾತ ಶ್ರೀನಿವಾಸಪುರ ತಾಲ್ಲೂಕಿನ ಒಂದು ಊರಿನ ನೀರುಗಂಟಿ. ಗದ್ದೆ ಬಯಲಲ್ಲಿ ಅವರ ಮಾತು ನಡೆಯುತ್ತಿತ್ತು. ‘ನಿಂದು ಇವತ್ತಲ್ಲ, ನಾಳೆ ಹೊತ್ತುಟ್ಟಿದ ಮ್ಯಾಕೆ’ ಅಂತ ದೊಡ್ಡ ಹಿಡುವಳಿದಾರನಿಗೂ ಹೇಳಿಬಿಡುತ್ತಿದ್ದರಂತೆ. ಅದೇ ಮನುಷ್ಯ ಬೀದಿಗೆ ಬಂದರೆ ಟವಲು ಹೆಗಲಿಂದ ಕಂಕುಳಿಗೆ ಇಳಿಯುತ್ತಿತ್ತು. ‘ಏಯ್ ನೀರುಗಂಟಿ’ ಅಂತ ನಿನ್ನೆ ಮೊನ್ನೆಯ ಹುಡುಗರೂ ಕರೆಯುತ್ತಿದ್ದರು. ಊರಿನವರ ಬಾಯಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಊರಿಗೆಲ್ಲ ನೀರು ಹಂಚಿದ ಕೈ ಊರಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಒಂದೇ ಆಯಸ್ಸಿನಲ್ಲಿ, ಒಂದೇ ದಿನದಲ್ಲಿ ಎರಡು ಬೆನ್ನು, ನೆಟ್ಟಗಿರುವುದೊಂದು, ಬಾಗಿದ್ದೊಂದು. ಇದರಲ್ಲಿ ಯಾವುದನ್ನು ಅವರ ವ್ಯಕ್ತಿತ್ವ ಅನ್ನೋಣ?

ಇತ್ತೀಚೆಗೆ ಪರಿಸರದ ಬಗ್ಗೆ ಬರೆಯುವವರು ನೀರುಗಂಟಿಯನ್ನು ಬಹಳ ಹೊಗಳುತ್ತಾರೆ. ಪಾರಂಪರಿಕ ಜ್ಞಾನಿ, ನಿಷ್ಪಕ್ಷಪಾತಿ, ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಂಥ ಗದ್ದೆಯಿಲ್ಲದ್ದರಿಂದ ಯಾರ ಕಡೆಗೂ ವಾಲದವನು ಅಂತೆಲ್ಲ. ಸ್ವಾಮಿ, ಭೂಮಿ ಕೊಡದೆ ಇಟ್ಟುಕೊಂಡು ಆಮೇಲೆ ಅದನ್ನೇ ಅವನ ಸದ್ಗುಣ ಅಂದರೆ ಹೇಗೆ! ನಮ್ಮ ಕಡೆಯೂ ಒಂದು ತೊಡಕಿದೆ. ಕುಲಕಸುಬನ್ನು ಒದ್ದು ಹೊರಬಂದದ್ದು ದಲಿತ ಚಳವಳಿಯ ದೊಡ್ಡ ಹೆಜ್ಜೆ. ತಮಟೆ, ಸತ್ತ ದನ, ತೋಟಿ ಕೆಲಸ ಬೇಡವೆಂದದ್ದು ಸರಿಯೇ. ಆದರೆ ಆ ರಭಸದಲ್ಲಿ ಅಪ್ಪ-ತಾತಂದಿರ ಕೈಯಲ್ಲಿದ್ದ ಬುದ್ಧಿಯನ್ನೂ ಅವಮಾನದ ಲೆಕ್ಕಕ್ಕೇ ಸೇರಿಸಿಬಿಟ್ಟೆವು. ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಎತ್ತಿನ ಬದಲು ನೊಗಕ್ಕೆ ಹೆಗಲು ಕೊಟ್ಟ ಅಪ್ಪನನ್ನು ಮಗ ನೋಡುತ್ತಾನಲ್ಲ, ಅಂಥ ಚಿತ್ರ ಮನಸ್ಸಲ್ಲಿ ಕೂತ ಮೇಲೆ ದುಡಿಮೆಯ ಜಾಣ್ಮೆಯ ಮಾತೆತ್ತುವುದು ಕಷ್ಟ, ನಿಜ. ಎತ್ತದಿದ್ದರೆ ಆ ಜಾಣ್ಮೆ ಬೇರೆಯವರ ಲೇಖನಗಳಲ್ಲಿ ‘ಹಳ್ಳಿಯ ಜ್ಞಾನ’ ಎಂಬ ಅನಾಮಧೇಯ ಆಸ್ತಿಯಾಗುತ್ತದೆ.

ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರಲ್ಲಿ ಬಂದು 1963ರಲ್ಲಿ ಜಾರಿಯಾಯಿತು. ವಂಶಪಾರಂಪರ್ಯದ ಹುದ್ದೆ ಹೋಯಿತು, ಇನಾಮು ಭೂಮಿಯನ್ನು ಅದೇ ಮನೆಯವರಿಗೆ ಮರುಮಂಜೂರು ಮಾಡುವ ದಾರಿ ತೆರೆಯಿತು. ದಲಿತರಿಗೆ ಮಂಜೂರಾದ ಜಮೀನು ಕೈಬಿಡದಂತೆ ಕಾಯಲು 1978ರಲ್ಲಿ ಪಿಟಿಸಿಎಲ್ ಕಾಯಿದೆ ಬಂತು. ಆದರೆ ವಂಶಪಾರಂಪರ್ಯ ಹುದ್ದೆಯ ಭೂಮಿಯನ್ನು ಅದರ ವ್ಯಾಖ್ಯೆಯಿಂದಲೇ ಹೊರಗಿಟ್ಟರು. ಅಂದ್ರೆ ತಲೆಮಾರುಗಳ ಚಾಕರಿಯಿಂದ ಬಂದ ಚೂರು ನೆಲಕ್ಕೆ ಆ ಬೇಲಿ ಸಿಗಲಿಲ್ಲ. ಆಮೇಲೆ ಕೊಳವೆಬಾವಿಗಳು ಬಂದವು, ಕೆರೆಗಳು ಒಣಗಿದವು. ನಮ್ಮ ತಾತ ಕೊನೆಗಾಲದಲ್ಲೂ ಮೋಡ ಕಟ್ಟಿದ ರಾತ್ರಿ ಲಾಟೀನು ಹಿಡಿದು ಬರಿದಾದ ಕೆರೆಯ ಏರಿಗೆ ಹೋಗಿ ಬರುತ್ತಿದ್ದರು. ‘ಇಲ್ದಿರೋ ನೀರ್ನ ಕಾಯಾಕ್ ಓಗ್ತಾನೆ’ ಅಂತ ಅಜ್ಜಿ ಬೈಯುತ್ತಿದ್ದಳು.

ಮುಂದಿನ ತಲೆಮಾರು ಮಾಲೂರಿನ ಇಟ್ಟಿಗೆಗೂಡು, ಹೆಂಚಿನ ಕಾರ್ಖಾನೆಗಳಿಗೆ ಹೋಯಿತು. ಅದರ ಮುಂದಿನದು ಕೋಲಾರದ ಪಕ್ಕದ ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ. ಅಲ್ಲಿ ಐಫೋನ್ ಜೋಡಿಸುತ್ತಿದ್ದ ಕಾರ್ಖಾನೆಯ ಕಾರ್ಮಿಕರು 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಸಿಡಿದೆದ್ದ ಸುದ್ದಿ ದೇಶವೆಲ್ಲ ಓದಿತು. ನಮ್ಮ ಚಿಕ್ಕಪ್ಪನ ಮಗ ಅದೇ ಬಯಲಿನ ಬೇರೊಂದು ಕಡೆ ಗುತ್ತಿಗೆ ಕೆಲಸದಲ್ಲಿದ್ದ. ‘ಅಲ್ಲಿ ನನ್ ಜಾತಿ ಯಾರ್ಗೂ ಗೊತ್ತಿಲ್ಲ ಅಣ್ಣ. ಎಸ್ರೂ ಗೊತ್ತಿಲ್ಲ’ ಅಂದ. ಮೊದಲ ಮಾತಿನಲ್ಲಿ ಅವನಿಗೆ ನೆಮ್ಮದಿಯಿತ್ತು, ಎರಡನೆಯದನ್ನು ನಗುತ್ತಲೇ ಹೇಳಿದ. ದಿನವಿಡೀ ಒಂದೇ ಚಲನೆ, ಬೆನ್ನ ಹಿಂದೆ ಸೂಪರ್‌ವೈಸರ್. ಕೋನ್ ಅವರ ಅಳತೆಯಲ್ಲಿ ತಾತನ ಕೆಲಸಕ್ಕಿಂತ ಬಹಳ ಕೆಳಗಿನದು. ಆದರೂ ಅವನು ಅದನ್ನೇ ಆರಿಸಿಕೊಳ್ಳುತ್ತಾನೆ, ಮತ್ತು ನಾನು ಅವನ ಪಕ್ಷ. ಬಿಟ್ಟು ಬರಬಹುದು ಎನ್ನುವುದು ಅವನ ವ್ಯಕ್ತಿತ್ವಕ್ಕೆ ಏನು ಮಾಡುತ್ತದೆ ಎಂಬುದನ್ನು ಕೆಲಸದ ಜಟಿಲತೆಯೊಂದರಿಂದಲೇ ಅಳೆಯಲಾಗದು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ತುಂಬಿಸಲು ತಂದ ನೀರು, ತೂಬೆತ್ತಿ ಗದ್ದೆಗೆ ಬಿಡಲು ತಂದದ್ದಲ್ಲ. ಈಗ ತುಂಬಿದ ಕೆರೆಗಳಿಗೆ ನೀರುಗಂಟಿ ಬೇಕಾಗಿಲ್ಲ.