ಮುಗಿಯದ ಕಥೆಗೆ ಓದುಗನ ಮಾತು

ಪರಿಚಿತರೊಬ್ಬರು ತಾವು ಬರೆದ ಕಥೆಯನ್ನು ನಮ್ಮ ಕೈಗಿತ್ತು, “ಓದಿ ಹೇಳಿ, ಹೇಗಿದೆ?” ಎಂದು ಕೇಳಿದಾಗ ನಮ್ಮಲ್ಲಿ ಬಹುಮಂದಿಗೆ ಒಂದು ಬಗೆಯ ಸಂಕಟವಾಗುತ್ತದೆ. “ಬಹಳ ಚೆನ್ನಾಗಿದೆ” ಎಂದುಬಿಟ್ಟರೆ ಸ್ನೇಹ ಉಳಿಯುತ್ತದೆ, ಸತ್ಯ ಉಳಿಯುವುದಿಲ್ಲ. ಕಂಡ ತಪ್ಪುಗಳನ್ನೆಲ್ಲ ಎಣಿಸಿ ತೋರಿಸಿದರೆ ನಮ್ಮ ಪಾಂಡಿತ್ಯ ಉಳಿಯುತ್ತದೆ, ಬರೆದವರ ಉತ್ಸಾಹ ಉಳಿಯುವುದಿಲ್ಲ. ಆ ಬರಹ ಕಂತುಕಂತಾಗಿ ಬೆಳೆಯುತ್ತಿರುವ ಧಾರಾವಾಹಿಯಾಗಿದ್ದರಂತೂ ಓದುಗನ ಹೊಣೆ ಇನ್ನೂ ಹೆಚ್ಚು. ಅಚ್ಚಾಗಿ ಮುಗಿದ ಕಾದಂಬರಿಯನ್ನು ಕುರಿತು ನಾವು ಏನು ಹೇಳಿದರೂ ಅದು ಇದ್ದಂತೆಯೇ ಇರುತ್ತದೆ. ಮುಗಿಯದ ಕಥೆಯನ್ನು ಕುರಿತು ಆಡಿದ ಮಾತಾದರೋ ಅದರ ಮುಂದಿನ ಕಂತಿನೊಳಕ್ಕೆ ಹೋಗಿ ಸೇರಿಕೊಳ್ಳುತ್ತದೆ.

ಇದನ್ನು ನಾನು ತಿಳಿದದ್ದು ನನ್ನ ತಪ್ಪಿನಿಂದಲೇ. ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ ವಿದ್ಯಾರ್ಥಿಯೊಬ್ಬ ಪ್ರತಿ ಸೋಮವಾರವೂ ಒಂದು ನೋಟುಪುಸ್ತಕವನ್ನು ತಂದುಕೊಡುತ್ತಿದ್ದ. ಅದರಲ್ಲಿದ್ದುದು ಒಂದು ವಿಚಿತ್ರವಾದ ಧಾರಾವಾಹಿ. ಅದನ್ನು ಹೇಳುತ್ತಿದ್ದುದು ಮನುಷ್ಯನಲ್ಲ. ಬಸ್ ನಿಲ್ದಾಣದಲ್ಲಿ ಕಾಸು ಹಾಕಿದರೆ ಚೀಟಿ ಉದುರಿಸುವ ತೂಕದ ಯಂತ್ರ. ತನ್ನ ಮೇಲೆ ಹತ್ತಿ ನಿಂತವರ ಭಾರವನ್ನಷ್ಟೇ ಬಲ್ಲ ಆ ಯಂತ್ರ ಅವರ ಸಂಸಾರಗಳನ್ನು ಊಹಿಸಿಕೊಂಡು ಹೇಳುತ್ತಿತ್ತು. ಕಥೆ ಅಡ್ಡದಾರಿಗಳಲ್ಲಿ ಅಲೆಯುತ್ತಿತ್ತು. ಪಾತ್ರಗಳ ಹೆಸರು ಒಂದು ಕಂತಿನಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಐದಾರು ವಾರ ನಾನು “ಚೆನ್ನಾಗಿದೆ, ಮುಂದುವರಿಸು” ಎಂದೆ. ಒಂದು ದಿನ ಬೇಸರ ಬಂದು, “ಯಂತ್ರ ಮಾತಾಡುವುದೆಂದರೇನಯ್ಯ? ಯಾರಾದರೂ ಮನುಷ್ಯನ ಬಾಯಿಂದ ನೇರವಾಗಿ ಹೇಳಿಸು” ಎಂದುಬಿಟ್ಟೆ. ಹುಡುಗ ವಿಧೇಯ. ಮುಂದಿನ ಸೋಮವಾರ ಯಂತ್ರ ಹೋಗಿ ಅದರ ಜಾಗದಲ್ಲಿ ಬಸ್ಸಿನ ಕಂಡಕ್ಟರೊಬ್ಬ ಬಂದಿದ್ದ. ಹೆಸರುಗಳ ಗೊಂದಲ ಹಾಗೆಯೇ ಇತ್ತು. ಕಥೆಯ ಜೀವ ಮಾತ್ರ ಹೋಗಿತ್ತು. ಇನ್ನೆರಡು ವಾರ ಕಳೆಯುವಷ್ಟರಲ್ಲಿ ಪುಸ್ತಕ ಬರುವುದೂ ನಿಂತಿತು.

ಹಾಗಾದರೆ ಓದಿದವನು ಬಾಯಿ ಬಿಡದಿರುವುದೇ ಲೇಸೆ? ನಮ್ಮ ಪೂರ್ವಿಕರು ಹಾಗೆ ಎಣಿಸಲಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಒಂದು ಸೊಗಸಾದ ಹೋಲಿಕೆಯಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಹಾಗೆಯೇ ಕವಿ ಏನು ಮಾಡಿದರೂ ತನ್ನ ದೋಷವನ್ನು ತಾನು ಕಾಣಲಾರ ಎಂಬುದು ಅದರ ಅಭಿಪ್ರಾಯ. ಬರೆಯುವವನಿಗೆ ಎದುರಿಗೆ ನಿಂತು ನೋಡುವ ಇನ್ನೊಂದು ಕಣ್ಣು ಬೇಕೇ ಬೇಕು. ಈ ಹೋಲಿಕೆಯನ್ನು ನಾನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬಯಸುತ್ತೇನೆ. ಕಾಡಿಗೆ ಕಣ್ಣಿಗೆ ಅಂದವನ್ನೂ ಕೊಡುತ್ತದೆ. ಎದುರಿಗಿರುವವನು ತೋರಿಸಬೇಕಾದುದು ಅದು ಎಲ್ಲಿ ಹರಡಿದೆ ಎಂಬುದನ್ನು. ಕಾಡಿಗೆಯನ್ನೇ ಒರೆಸಿಬಿಡು ಎನ್ನುವುದು ಬೇರೆ ಮಾತು.

ಇದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲಿ ಒಳ್ಳೆಯ ನಿದರ್ಶನವೊಂದುಂಟು. ಲಾರೆನ್ಸ್ ಸ್ಟರ್ನ್ ಯಾರ್ಕ್ ನಗರದ ಬಳಿಯ ಹಳ್ಳಿಯೊಂದರ ಪಾದ್ರಿ. ನಲವತ್ತೈದು ವರ್ಷವಾಗುವವರೆಗೆ ಆತನಿಗೆ ಕಥೆಗಾರನೆಂಬ ಹೆಸರಿರಲಿಲ್ಲ. ಆತ ಬರೆದ ‘ಟ್ರಿಸ್ಟ್ರಮ್ ಶಾಂಡಿ’ಯನ್ನು ಅವನು ಕೇಳಿದ ಬೆಲೆಗೆ ಕೊಳ್ಳಲು ಲಂಡನ್ನಿನ ಪ್ರಕಾಶಕ ಮೊದಲು ಒಪ್ಪಲಿಲ್ಲ. 1759ರ ಕೊನೆಯಲ್ಲಿ ಮೊದಲ ಎರಡು ಸಂಪುಟಗಳು ಯಾರ್ಕ್‌ನಲ್ಲಿ ಸ್ಟರ್ನನ ಸ್ವಂತ ಖರ್ಚಿನಲ್ಲಿಯೇ ಅಚ್ಚಾದವು. ಮುಂದೆ 1767ರವರೆಗೆ ಅದು ಬಿಡಿಬಿಡಿಯಾಗಿ ಒಂಬತ್ತು ಸಂಪುಟಗಳಲ್ಲಿ ಹೊರಬಂದಿತು. ಹೆಸರಿಗೆ ನಾಯಕನ ಆತ್ಮಕಥೆ. ಆದರೆ ಎರಡು ಸಂಪುಟಗಳು ಮುಗಿದರೂ ನಾಯಕ ಇನ್ನೂ ಹುಟ್ಟಿರುವುದಿಲ್ಲ! ಒಬ್ಬ ಪಾತ್ರ ಸತ್ತಾಗ ಪುಟ ಪೂರ್ತಿಯಾಗಿ ಕಪ್ಪಾಗುತ್ತದೆ. ಇನ್ನೊಂದೆಡೆ, ವಿಧವೆಯೊಬ್ಬಳ ಚೆಲುವನ್ನು ಓದುಗನೇ ತನಗೆ ತೋರಿದಂತೆ ಚಿತ್ರಿಸಿಕೊಳ್ಳಲೆಂದು ಪುಟವನ್ನು ಖಾಲಿ ಬಿಟ್ಟಿದೆ.

ಮೊದಲ ಸಂಪುಟಗಳನ್ನು ಲಂಡನ್ ನಗರ 1760ರಲ್ಲಿ ತಲೆಯ ಮೇಲೆ ಹೊತ್ತು ಮೆರೆಸಿತು. ಬರಬರುತ್ತ ಆಟ ಹಳತಾಯಿತು. 1765ರಲ್ಲಿ ಏಳು ಎಂಟನೆಯ ಸಂಪುಟಗಳು ಬಂದಾಗ ‘ಮಂಥ್ಲಿ ರಿವ್ಯೂ’ ಪತ್ರಿಕೆಯ ರಾಲ್ಫ್ ಗ್ರಿಫಿತ್ಸ್ ತನಗೆ ಸಾಕಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದ. ಅಷ್ಟಕ್ಕೇ ನಿಲ್ಲಲಿಲ್ಲ. ಆರನೆಯ ಸಂಪುಟದಲ್ಲಿ ಲೆ ಫೀವರ್ ಎಂಬ ಬಡ ಸೈನಿಕನ ಸಾವಿನ ಪ್ರಸಂಗವಿದೆ. ಅದನ್ನು ಹೆಸರಿಸಿ, ನಿನ್ನ ನಿಜವಾದ ಶಕ್ತಿ ಕರುಣರಸದಲ್ಲಿದೆ, ಹೊಸ ಯೋಜನೆಯೊಂದನ್ನು ಕೈಗೊಳ್ಳು ಎಂದು ಸೂಚಿಸಿದ. ಸ್ಟರ್ನ್ ಎಲ್ಲವನ್ನೂ ಕೇಳಲಿಲ್ಲ. ಒಂಬತ್ತನೆಯ ಸಂಪುಟವನ್ನು ಬರೆದೇ ಬರೆದ. ಅದು ಲೇಖಕನ ಹಕ್ಕು. ಆದರೆ 1768ರಲ್ಲಿ ಬಂದ ಅವನ ‘ಎ ಸೆಂಟಿಮೆಂಟಲ್ ಜರ್ನಿ’ಯಲ್ಲಿ ಆ ಆರ್ದ್ರತೆಯೇ ಮುಂದಾಗಿ ಕಾಣುತ್ತದೆ. ಕೃತಿಯ ಹಿರಿಮೆ ಬರೆದವನದೇ. ಆದರೂ ಆ ಒರತೆ ಎಲ್ಲಿದೆಯೆಂಬುದನ್ನು ಓದುಗನೊಬ್ಬ ಮೂರು ವರ್ಷ ಮೊದಲೇ ಬೆರಳಿಟ್ಟು ತೋರಿಸಿದ್ದ.

ಇದರ ಪಕ್ಕದಲ್ಲಿ ಡಾಕ್ಟರ್ ಜಾನ್ಸನ್ನರ ತೀರ್ಪನ್ನು ಇಟ್ಟು ನೋಡಿ. ವಿಲಕ್ಷಣವಾದುದು ಯಾವುದೂ ಬಹುಕಾಲ ಬಾಳದು, ‘ಟ್ರಿಸ್ಟ್ರಮ್ ಶಾಂಡಿ’ಯೂ ಬಾಳಲಿಲ್ಲ ಎಂದು 1776ರಲ್ಲಿ ಅವರು ನುಡಿದರು. ಅಂದಿನಿಂದ ಎರಡೂವರೆ ಶತಮಾನ ಕಳೆಯುತ್ತ ಬಂದರೂ ಆ ಪುಸ್ತಕವನ್ನು ಜನ ಓದುತ್ತಿದ್ದಾರೆ. ಜಾನ್ಸನ್ನರ ವಿದ್ವತ್ತಿಗೆ ಕೊರತೆಯಿರಲಿಲ್ಲ. ಅವರು ಕೃತಿಯ ಜಾತಿಯನ್ನು ನೋಡಿ ತೀರ್ಪಿತ್ತರು. ಗ್ರಿಫಿತ್ಸ್ ಕೃತಿಯ ಇಂಥ ಎಡೆ ಎಂದು ತೋರಿಸಿದ. ಹೊಸಬನ ನೆರವಿಗೆ ಬರುವುದು ಎರಡನೆಯದು.

ಆದುದರಿಂದ ಓದುಗನು ಮೊದಲು ಹೇಳಬೇಕಾದುದು ತನ್ನ ಅನುಭವವನ್ನು: ಎಲ್ಲಿ ನಕ್ಕೆ, ಎಲ್ಲಿ ಎರಡು ಸಲ ಓದಿದೆ, ಎಲ್ಲಿ ಪುಸ್ತಕವನ್ನು ಕೆಳಗಿಟ್ಟೆ. ಇದರಲ್ಲಿ ಓದುಗನೇ ಪ್ರಮಾಣ. ಇದನ್ನು ಯಾರೂ ಅಲ್ಲಗಳೆಯಲಾರರು. ಎರಡನೆಯದಾಗಿ, ವೈಲಕ್ಷಣ್ಯ ಬೇರೆ, ಅಲಕ್ಷ್ಯ ಬೇರೆ ಎಂಬುದನ್ನು ಮರೆಯಬಾರದು. ತೆಗೆದುಹಾಕಿದರೆ ಕಥೆ ಬಡವಾಗುವಂತಿದ್ದರೆ ಅದು ವೈಲಕ್ಷಣ್ಯ. ತಿದ್ದಿದರೆ ಕಥೆಗೆ ಏನೂ ನಷ್ಟವಿಲ್ಲದಿದ್ದರೆ ಅದು ಅಲಕ್ಷ್ಯ. ಮೂರನೆಯದಾಗಿ, ತೊಡಕನ್ನು ಹೇಳಬೇಕು, ಪರಿಹಾರವನ್ನು ಬರೆದವರಿಗೆ ಬಿಡಬೇಕು. ಉಂಡವನು ಸಾರಿಗೆ ಉಪ್ಪು ಹೆಚ್ಚಾಯಿತೆನ್ನಬಹುದು; ಅಡುಗೆಮನೆಗೆ ನುಗ್ಗಿ ಸೌಟು ಹಿಡಿಯಬಾರದು. ಧಾರಾವಾಹಿಯ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಹೆಸರು, ಕಾಲ, ಸಂಬಂಧಗಳ ತಪ್ಪನ್ನು ಕಂಡೊಡನೆಯೇ ಹೇಳಬೇಕು. ಮುಂದಿನ ಕಂತುಗಳು ಅದರ ಮೇಲೆಯೇ ನಿಲ್ಲುತ್ತವೆ. ಕಥೆ ದಾರಿ ತಪ್ಪಿತು ಎನ್ನುವುದಕ್ಕೆ ಮಾತ್ರ ಎರಡು ಮೂರು ಕಂತು ಕಾಯಬೇಕು. ಅಡ್ಡದಾರಿ ಎಲ್ಲಿಗೆ ಹೋಗಿ ಸೇರುವುದೋ ಆಗಲೇ ತಿಳಿಯದು. ಮೆಚ್ಚುಗೆಯೂ ಹೀಗೆಯೇ ಖಚಿತವಾಗಿರಬೇಕು. ಬರಿಯ “ಚೆನ್ನಾಗಿದೆ” ಎಂಬುದರಿಂದ ಬರೆದವನು ಕಲಿಯುವುದೇನೂ ಇಲ್ಲ.

ಆ ನೋಟುಪುಸ್ತಕ ಇಂದು ಮತ್ತೆ ನನ್ನ ಮೇಜಿನ ಮೇಲೆ ಬಂದರೆ ಹೀಗೆ ಹೇಳುತ್ತಿದ್ದೆ: “ಯಂತ್ರ ಇರಲಪ್ಪ. ಮೂರನೆಯ ಕಂತಿನಲ್ಲಿ, ಗಂಡನ ಮನೆಯಿಂದ ಮರಳಿದ ಹುಡುಗಿ ಹೋದ ಸಲಕ್ಕಿಂತ ಆರು ಕಿಲೋ ಕಡಿಮೆ ತೂಗಿದಳು ಎಂದು ಯಂತ್ರ ಹೇಳುವ ಕಡೆ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆದರೆ ಆಕೆ ಮೊದಲ ಕಂತಿನಲ್ಲಿ ಕಮಲ, ಇಲ್ಲಿ ವಿಮಲ; ಇಬ್ಬರೂ ಬೇರೆಯೇನೋ ಎಂದು ನನಗೆ ಅನುಮಾನವಾಯಿತು.”

ಇಷ್ಟು ಹೇಳಲು ಒಂದು ನಿಮಿಷ ಸಾಕಾಗಿತ್ತು. ಅಂದೂ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತದ್ದು ನಿಜ. ಅವನಿಗೆ ಅದನ್ನು ಹೇಳಲಿಲ್ಲ.