ಡಾಂಬರಿಗೂ ಎರೆದಾರಿಗೂ ಒಂದೇ ವಾಹನ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಮಹಾಲಿಂಗಪುರದ ಸುತ್ತಲಿನ ಹಾದಿಗಳ ನಡೆಯೇ ಬೇರೆಯಾಗುತ್ತದೆ. ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡು ಬರುವ ಟ್ರ್ಯಾಕ್ಟರುಗಳು ಡಾಂಬರನ್ನೆಲ್ಲ ಆಕ್ರಮಿಸಿದಾಗ ಮೋಟಾರ್ ಸೈಕಲ್ಲಿನ ಸವಾರನು ರಸ್ತೆಯ ಅಂಚಿನಿಂದ ಮಣ್ಣಿಗೆ ಇಳಿಯಲೇಬೇಕು. ತೋಟದ ಕಡೆಗೆ ಹೊರಳಿದರೆ ಚಕ್ಕಡಿ ದಾರಿ. ಮಳೆ ಬಿದ್ದ ಮರುದಿನ ಅದೇ ದಾರಿ ಎರೆಮಣ್ಣಿನ ಕೆಸರು. ಭಾನುವಾರ ಬಾದಾಮಿ, ಪಟ್ಟದಕಲ್ಲುಗಳಿಗೋ ಗೋಕಾಕದ ಜಲಪಾತಕ್ಕೋ ಹೊರಟರೆ ಆ ವಾಹನವೇ ಹೆದ್ದಾರಿಯಲ್ಲಿ ತಾಸುಗಟ್ಟಲೆ ದಣಿಯದೆ ಓಡಬೇಕು. ಹೀಗೆ ಎರಡು ಬಗೆಯ ನೆಲಕ್ಕೂ ಒಗ್ಗುವ ಮೋಟಾರ್ ಸೈಕಲ್ಲನ್ನು, ಹಳಬರ ಮಾತಿನಲ್ಲಿ ಹೇಳುವುದಾದರೆ ‘ಫಟಫಟಿ’ಯನ್ನು, ಆರಿಸುವುದು ಮನೆಯವರೆಲ್ಲ ಕೂಡಿ ವಿಚಾರಿಸತಕ್ಕ ಸಂಗತಿ.

ಈ ಜಾತಿಯ ವಾಹನ ತೀರ ಹೊಸದಲ್ಲ. ಜಪಾನಿನ ಯಮಹಾ ಕಂಪನಿಯ ಡಿಟಿ-1 ಎಂಬುದು 1968ರಲ್ಲಿ ಅಮೆರಿಕದಲ್ಲಿ ಇದನ್ನು ಜನಪ್ರಿಯಗೊಳಿಸಿತು. 1980ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ದೂರಪ್ರಯಾಣಕ್ಕೂ ಒದಗುವ ದೊಡ್ಡ ಮಾದರಿಯನ್ನು ತಂದಿತು. ನಮ್ಮ ದೇಶದಲ್ಲಿ 2011ರ ಹೀರೋ ಇಂಪಲ್ಸ್, 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೋ ಎಕ್ಸ್‌ಪಲ್ಸ್ 200 ಒಂದರ ಹಿಂದೊಂದು ಬಂದವು. ಮೈಸೂರಿನ ಕಾರ್ಖಾನೆಯಿಂದ 1961ರಲ್ಲಿ ಜಾವಾ ಮೋಟಾರ್ ಸೈಕಲ್ಲುಗಳು ಹೊರಬರತೊಡಗಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಹುಟ್ಟಿದ ಯೆಜ್ಡಿ ಎಂಬ ಹೆಸರು 2022ರಲ್ಲಿ ‘ಅಡ್ವೆಂಚರ್’ ಎಂಬ ಇಂಥದೇ ಮಾದರಿಯೊಂದಿಗೆ ಮರಳಿ ಬಂದಿತು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿಯನ್ನು ಪೂರೈಸಿ, ಆ ಕಠಿಣ ಪಂದ್ಯದಲ್ಲಿ ಭಾಗವಹಿಸಿದ ಪ್ರಥಮ ಭಾರತೀಯರೆನಿಸಿದ ಮೇಲೆ ನಮ್ಮ ತರುಣರಿಗೆ ಈ ವಾಹನಗಳ ಮೇಲಿನ ಒಲವು ಇನ್ನಷ್ಟು ಬೆಳೆಯಿತು.

ಇವುಗಳ ವಿಶೇಷವೇನು? ಮೊದಲನೆಯದು ಮುಂದಿನ ಗಾಲಿ. ಎಕ್ಸ್‌ಪಲ್ಸ್, ಹಿಮಾಲಯನ್ ಎರಡರಲ್ಲಿಯೂ ಅದು 21 ಅಂಗುಲದ್ದು. ಗಾಲಿ ದೊಡ್ಡದಾದಷ್ಟೂ ತಗ್ಗಿನೊಳಗೆ ಬೀಳುವುದಕ್ಕಿಂತ ಅದರ ಮೇಲೆ ಉರುಳಿ ಹೋಗುತ್ತದೆ. ಎರಡನೆಯದು ನೆಲಕ್ಕೂ ಯಂತ್ರದ ಹೊಟ್ಟೆಗೂ ನಡುವಣ ಅಂತರ. ಮನೆಮನೆಯಲ್ಲಿರುವ ಸ್ಪ್ಲೆಂಡರಿನಲ್ಲಿ ಅದು 165 ಮಿ.ಮೀ.; ಎಕ್ಸ್‌ಪಲ್ಸ್‌ನಲ್ಲಿ 220, ಹೊಸ ಹಿಮಾಲಯನ್ 450ರಲ್ಲಿ 230. ಚಕ್ಕಡಿಯ ಗಾಲಿಗಳು ಕೊರೆದ ಎರಡು ಗೆರೆಗಳ ನಡುವೆ ಉಬ್ಬಿ ನಿಲ್ಲುವ ದಿಣ್ಣೆಯನ್ನು ಬಲ್ಲವರಿಗೆ ಈ ಎರಡು ಅಂಗುಲದ ಬೆಲೆ ತಿಳಿಯುತ್ತದೆ.

ಮೂರನೆಯದನ್ನು ನಮ್ಮ ಸೀಮೆಯ ಮಣ್ಣೇ ಕಲಿಸುತ್ತದೆ. ಹಸಿಯಾದ ಎರೆಮಣ್ಣು ಗಾಲಿಗೆ ಅಂಟಿಕೊಳ್ಳುತ್ತ, ಮಡ್‌ಗಾರ್ಡಿನೊಳಗೆ ತುಂಬಿಕೊಂಡು, ಕೊನೆಗೆ ಗಾಲಿ ತಿರುಗದಂತೆ ಕಟ್ಟಿಹಾಕುತ್ತದೆ. ಆದ್ದರಿಂದ ಮಡ್‌ಗಾರ್ಡು ಗಾಲಿಗೆ ತಾಗಿಕೊಂಡಿರದೆ ಮೇಲಕ್ಕೆ ಎತ್ತರಿಸಿರುವ ಮಾದರಿ ಇಲ್ಲಿ ಬಹಳ ಉಪಯುಕ್ತ.

ಆದರೆ ಗುಣವೆಲ್ಲ ಒಂದೇ ಕಡೆಗಿಲ್ಲ. ಎತ್ತರವೇ ಇವುಗಳ ಶಕ್ತಿ. ಎತ್ತರವೇ ಇವುಗಳ ತೊಡಕು. ಸೀಟು ನೆಲದಿಂದ ಸುಮಾರು 825 ಮಿ.ಮೀ. ಮೇಲಿದ್ದು, ಕುಳ್ಳನೆಯ ಸವಾರನ ತುದಿಗಾಲಷ್ಟೇ ನೆಲ ಮುಟ್ಟುತ್ತದೆ. ಕೆಸರಿನಲ್ಲಿ ನಿಂತಾಗ ತುದಿಗಾಲು ಜಾರಿದರೆ ವಾಹನ ಮಗ್ಗುಲಾಗುತ್ತದೆ. ಸ್ಪ್ಲೆಂಡರಿನ ತೂಕ 112 ಕೆ.ಜಿ.ಯಾದರೆ ಎಕ್ಸ್‌ಪಲ್ಸ್‌ನದು 160ರ ಸಮೀಪ, ಹಿಮಾಲಯನ್ 450ರದು 196. ಬಿದ್ದ ವಾಹನವನ್ನು ಒಬ್ಬಂಟಿಯಾಗಿ ಎತ್ತಬೇಕಾದ ಹೊಲದ ದಾರಿಯಲ್ಲಿ ಈ ಅಂಕಿಗಳು ಬರಿಯ ಅಂಕಿಗಳಲ್ಲ.

ಮನೆಗೆ ಒಂದೇ ವಾಹನವೆಂದಾದರೆ ಪ್ರಶ್ನೆ ಇನ್ನೂ ಗಂಭೀರ. ಮಗನಿಗೆ ಒಪ್ಪಿದ್ದನ್ನು ಅರವತ್ತು ದಾಟಿದ ತಂದೆ ಪೇಟೆಗೆ ಒಯ್ಯಬಲ್ಲನೆ? ಸೀರೆಯುಟ್ಟ ತಾಯಿ ಹಿಂದಿನ ಸೀಟನ್ನು ನಿರಾಯಾಸವಾಗಿ ಏರಬಲ್ಲಳೆ? ದುಡ್ಡು ಕಟ್ಟುವ ಮೊದಲು ಮೂವರೂ ಅಂಗಡಿಗೆ ಹೋಗಿ ಒಮ್ಮೆ ಏರಿ ಇಳಿದು ನೋಡುವುದು ವಿವೇಕ. ಏರಲಾಗದವರಿದ್ದರೆ, ಆ ಮನೆಗೆ ತಗ್ಗಿನ ಸೀಟಿನ ಸಾಮಾನ್ಯ ವಾಹನವೇ ಸರಿಯಾದ ಆಯ್ಕೆ. ಅದರಲ್ಲಿ ಅವಮಾನವೇನೂ ಇಲ್ಲ.

ಬೆಲೆಯ ವಿಚಾರದಲ್ಲಿ 350 ಸಿಸಿ ಎಂಬ ಗೆರೆಯನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಆ ಮಿತಿಯೊಳಗಿನವಕ್ಕೆ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಅದಕ್ಕೆ ಮೇಲ್ಪಟ್ಟವಕ್ಕೆ ಶೇಕಡಾ 40 ಆಯಿತು. 452 ಸಿಸಿಯ ಹಿಮಾಲಯನ್ ಗೆರೆಯ ಆಚೆಗಿದೆ. 334 ಸಿಸಿಯ ಯೆಜ್ಡಿಯೂ 200ರ ಎಕ್ಸ್‌ಪಲ್ಸ್‌ವೂ ಈಚೆಗಿವೆ. ದೂರದ ಹೆದ್ದಾರಿ ಪ್ರವಾಸವೇ ಮುಖ್ಯವಾಗಿ, ಹಿಂದೆ ಒಬ್ಬರು, ಜೊತೆಗೆ ಸಾಮಾನೂ ಇದ್ದರೆ ದೊಡ್ಡ ಯಂತ್ರದ ಬಲ ಸಾರ್ಥಕ. ವಾರದ ಆರು ದಿನ ತೋಟದ ದಾರಿಯೇ ಆದರೆ ಹಗುರವಾದದ್ದೇ ಮೇಲು.

ಹಳೆಯದನ್ನು ಕೊಳ್ಳುವವರು ಪೆಟ್ರೋಲಿನ ಕಡೆಗೂ ಲಕ್ಷ್ಯ ಕೊಡಬೇಕು. ಸಮೀರವಾಡಿಯಂತಹ ಕಾರ್ಖಾನೆಗಳಲ್ಲಿ ಕಬ್ಬಿನಿಂದ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಬೆರೆಯುತ್ತದೆ. ಅದು ತೇವವನ್ನು ಹೀರುವ ದ್ರವವಾದ್ದರಿಂದ ಟಾಕಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡಬಾರದು. ಹಳೆಯ ವಾಹನಗಳ ರಬ್ಬರು ಕೊಳವೆಗಳನ್ನು ಪರೀಕ್ಷಿಸಿಕೊಳ್ಳಬೇಕು.

ಟ್ಯೂಬು ಇರುವ ಕಡ್ಡಿಗಾಲಿ ಪಂಕ್ಚರ್ ಆದರೆ ಬಿಚ್ಚುವ ಶ್ರಮವುಂಟು, ಆದರೆ ಯಾವ ಹಳ್ಳಿಯಲ್ಲಿಯೂ ತೇಪೆ ಹಾಕಿಸಬಹುದು. ಬಿಡಿಭಾಗ ಮತ್ತು ಕೈಪಳಗಿದ ಮೆಕ್ಯಾನಿಕ್ ಯಾವ ಊರಿನಲ್ಲಿ ಸಿಗುತ್ತಾರೆಂಬುದನ್ನು ಮೊದಲೇ ವಿಚಾರಿಸಿಕೊಂಡವನಿಗೆ ನಡುದಾರಿಯಲ್ಲಿ ಪಶ್ಚಾತ್ತಾಪವಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಉಳಿಯುವುದು ಒಂದು ಖರ್ಚು: ಸವಾರನಿಗೂ ಹಿಂದೆ ಕೂಡುವವರಿಗೂ ಒಳ್ಳೆಯ ಹೆಲ್ಮೆಟ್ಟು. ಕಬ್ಬಿನ ಹಂಗಾಮಿನ ರಾತ್ರಿ, ಹಿಂದೀಪವಿಲ್ಲದ ಟ್ರೇಲರು ಕತ್ತಲಲ್ಲಿ ಎದುರಾದಾಗ, ಗಾಲಿಯ ಅಂಗುಲಗಳೂ ಯಂತ್ರದ ಸಿಸಿಗಳೂ ಸಹಾಯಕ್ಕೆ ಬಾರವು. ವಾಹನದ ಬೆಲೆಯಲ್ಲಿ ಐದಾರು ಸಾವಿರ ಉಳಿಸಿ ಅದನ್ನು ತಲೆಯ ರಕ್ಷಣೆಗೆ ತೆಗೆದಿಡುವ ಮನೆಯವರೇ ಜಾಣರು.