ನೇತ್ರಾಣಿ: ದೋಆಬಿನವರೂ ಇಳಿಯಬಹುದಾದ ಕಡಲು

ರಾಯಚೂರು, ಮಾನ್ವಿ, ದೇವದುರ್ಗದ ಮಂದಿಗೆ ನೀರು ಹೊಸದಲ್ಲ. ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ತುಂಗಭದ್ರೆ, ನಡುವೆ ನಮ್ಮ ದೋಆಬು. ಆದರೆ ಮಳೆಗಾಲದ ರಾಡಿ ನೀರಿನಲ್ಲಿ ಗೇಣುದ್ದ ಕೆಳಗೂ ಏನೂ ಕಾಣದು. ಕೃಷ್ಣೆಯಲ್ಲಿ ಮೊಸಳೆ ಭಯ ಬೇರೆ. ನೀರೊಳಗಿನ ಲೋಕವನ್ನು ಕಣ್ಣಾರೆ ನೋಡಬೇಕೆಂದರೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರಕ್ಕೆ ಹೋಗಬೇಕು. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ಕಡಲಲ್ಲಿದೆ ನೇತ್ರಾಣಿ.

ಮೇಲಿನಿಂದ ಹೃದಯದಾಕಾರದಲ್ಲಿ ಕಾಣುವ ಈ ದ್ವೀಪ ಕಡಿದಾದ ಬಂಡೆಗಳ ಗುಡ್ಡ. ಹರಕೆ ತೀರಿಸಲು ಮೀನುಗಾರರು ಇಲ್ಲಿ ಆಡುಗಳನ್ನು ಬಿಡುತ್ತಾರೆ. ಹಿಂದೆ ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೂ ಇದನ್ನೇ ಬಳಸುತ್ತಿತ್ತು. ಪ್ರವಾಸಿಗರು ದ್ವೀಪ ಹತ್ತುವುದಿಲ್ಲ. ದೋಣಿಯಿಂದ ನೇರ ನೀರಿಗಿಳಿಯುತ್ತಾರೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದಗುಡಿ’ ಚಿತ್ರದಿಂದ ನೇತ್ರಾಣಿಯ ಹೆಸರು ಮನೆಮಾತಾಯಿತು.

ಹವಳದ ಬಂಡೆಗಳ ಸಂದಿನಲ್ಲಿ ಗಿಳಿಮೀನು, ಚಿಟ್ಟೆಮೀನು, ಹಾವುಮೀನು, ಅದೃಷ್ಟವಿದ್ದರೆ ಕಡಲಾಮೆ ಕಾಣುತ್ತವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ಅದರಿಂದಲೇ ಉಸಿರಾಡುತ್ತ ಮುಳುಗುವ ಸ್ಕೂಬಾಕ್ಕೆ ಈಜು ಬಾರದವರೂ ತರಬೇತುದಾರರ ಜೊತೆ ಇಳಿಯಬಹುದು. ಮೊದಲ ಸಲದವರನ್ನು 12 ಮೀಟರ್‌ಗಿಂತ ಆಳಕ್ಕೆ ಒಯ್ಯುವಂತಿಲ್ಲ. 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ, ಕಿವಿ ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದರೆ ಸರಿಹೋಗುತ್ತದೆ. ಉಸಿರನ್ನು ಮಾತ್ರ ಎಂದಿಗೂ ಬಿಗಿಹಿಡಿಯಬಾರದು. ಮೇಲೇರುವಾಗ ಎದೆಯೊಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಏಟಾದೀತು. ಮಾತೆಲ್ಲ ಕೈಸನ್ನೆಯಲ್ಲೇ. ಖುಷಿಗೆಂದು ಹೆಬ್ಬೆಟ್ಟು ಎತ್ತಿದಿರೋ, ತರಬೇತುದಾರ ನಿಮ್ಮನ್ನು ಮೇಲಕ್ಕೆ ಕರೆತರುತ್ತಾರೆ. ‘ಎಲ್ಲ ಸರಿ’ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಸ್ಕೂಬಾ ಎಂದಕೂಡಲೇ ಮುಳುಗಿದ ದೋಣಿಯನ್ನು ನೋಡುವ ಕನಸು ಹಲವರದು. ಬೆಚ್ಚನೆಯ ಕಡಲಲ್ಲಿ ಮುಳುಗಿದ ದೋಣಿಗೆ ಕೆಲವೇ ವರ್ಷಗಳಲ್ಲಿ ಚಿಪ್ಪುಜೀವಿಗಳು ಅಂಟಿ, ಮೀನುಗಳು ಮನೆ ಮಾಡುವುದು ನಿಜ. ಆದರೆ ನಮ್ಮ ಕರಾವಳಿಗೆ ಅಂಥ ದೋಣಿ ಎಂದರೆ ನೆನಪಾಗುವುದು ‘ಸುವರ್ಣ ತ್ರಿಭುಜ’. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ಆ ದೋಣಿ ಮರಳಲಿಲ್ಲ. 2019ರ ಮೇನಲ್ಲಿ ನೌಕಾಪಡೆಯ ‘ನಿರೀಕ್ಷಕ್’ ಹಡಗು ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಾಳದಲ್ಲಿ ಅದರ ಅವಶೇಷ ಪತ್ತೆಹಚ್ಚಿತು. ಅಂಥ ಆಳಕ್ಕೆ ಎಲ್ಲರೂ ಇಳಿಯುವಂತಿಲ್ಲ; ಮೋಜಿನ ಸ್ಕೂಬಾಕ್ಕೆ 40 ಮೀಟರ್ ಗಡಿ. ಅದರಾಚೆಯದು ನುರಿತವರ ಕೆಲಸ. ಹೊಸಬರಿಗೆ ನೇತ್ರಾಣಿಯ ಹವಳವೇ ಸಾಕು.

ಅಕ್ಟೋಬರ್‌ನಿಂದ ಮೇವರೆಗೆ ಸಕಾಲ. ಮಳೆಗಾಲದಲ್ಲಿ ಡೈವಿಂಗ್ ಬಂದ್. ರಾಯಚೂರಿನಿಂದ ಮಾನ್ವಿ, ಸಿಂಧನೂರು, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ. ದೇವದುರ್ಗದವರು ಲಿಂಗಸುಗೂರಿನ ಮೇಲೆ ಹೋಗಬಹುದು. ಉಬ್ಬಸ, ಹೃದ್ರೋಗ, ಕಿವಿಯ ತೊಂದರೆ ಇದ್ದವರು ಮೊದಲೇ ವೈದ್ಯರನ್ನು ಕೇಳಲಿ. ಹವಳ ಮುಟ್ಟಬೇಡಿ, ಮುರಿಯಬೇಡಿ.

ನಮ್ಮ ಕಡೆಯವರು ಮರೆಯಬಾರದ ಮಾತು ಇನ್ನೊಂದಿದೆ. ಆಳಕ್ಕಿಳಿದಾಗ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಬೇಗ ಎತ್ತರಕ್ಕೆ ಏರಿದರೆ ಅದು ಗುಳ್ಳೆಯಾಗಿ ಕಾಡಬಹುದು. ಮುರುಡೇಶ್ವರದಿಂದ ಊರಿಗೆ ಮರಳಲು ಘಟ್ಟ ಹತ್ತಲೇಬೇಕು. ಆದ್ದರಿಂದ ಡೈವ್ ಮುಗಿಸಿದ ಸಂಜೆಯೇ ಗಾಡಿ ಏರಬೇಡಿ. ಆ ರಾತ್ರಿ ಕಡಲತಡಿಯಲ್ಲೇ ತಂಗಿ, ಮರುದಿನ ಹೊರಡಿ.